ಆಟಕ್ಕೂ ಬೀಗ ಬೀಳುತ್ತದೆ! ಆಗ ಅಭಿಮಾನಿಗಳ ಕರ್ತವ್ಯವೇನು?



ಕಳೆದ ತಿಂಗಳು ಒಂದು ಶನಿವಾರ ಜೋರು ಮಳೆ ಬಂದು ನಮ್ಮ ಆಟದ ಪಿರಿಯಡ್ ಹೋಯಿತು. ಎಲ್ಲರೂ ಮುಖ ಊದಿಸಿಕೊಂಡು ಕೂತಿದ್ದೆವು. ಆಗ ಪಿ.ಟಿ. ಮೇಷ್ಟ್ರು ಒಳಗೆ ಬಂದು, "ಒಂದು ಪಿರಿಯಡ್ ಆಟ ಇಲ್ಲ ಅಂತ ಇಷ್ಟು ಬೇಜಾರಾ? ಕೆನಡಾ, ಅಮೆರಿಕದಲ್ಲಿ ಒಂದು ಸಲ ಇಡೀ ವರ್ಷ ಐಸ್ ಹಾಕಿ ಆಟವೇ ನಡೆಯಲಿಲ್ಲ. ಮಳೆಯಿಂದಲ್ಲ, ತಂಡದ ಮಾಲೀಕರೇ ಲಾಕೌಟ್ ಮಾಡಿದ್ದರು" ಅಂದರು. "ಕೋಟಿಗಟ್ಟಲೆ ಸಂಬಳ ತಗೊಳ್ಳೋರಿಗೂ ಲಾಕೌಟಾ ಸಾರ್?" ಎಂದು ಹಿಂದಿನ ಬೆಂಚಿನವರು ಕೇಳಿದರು. ತರಗತಿಯೆಲ್ಲ ನಕ್ಕಿತು.

ನನಗೆ ಮಾತ್ರ ನಗು ಬರಲಿಲ್ಲ. ಯಾಕೆಂದರೆ ಹೋದ ವರ್ಷ ನಮ್ಮ ಚಿಕ್ಕಪ್ಪ ಕೆಲಸ ಮಾಡುವ ಸಣ್ಣ ಕಾರ್ಖಾನೆಗೆ ಲಾಕೌಟ್ ಆಗಿತ್ತು. ಅವರು ಎರಡು ತಿಂಗಳು ಊರಿಗೆ ಬಂದು ನಮ್ಮ ಮನೆ ಜಗಲಿ ಮೇಲೆ ಕೂತಿರುತ್ತಿದ್ದರು. ಆದ್ದರಿಂದ ನಾನು ಮೇಷ್ಟ್ರ ಹತ್ತಿರ ಕೇಳಿ, ಅವರು ಕೊಟ್ಟ ಪುಸ್ತಕ, ಪತ್ರಿಕೆಗಳನ್ನು ಓದಿ ಈ ಲೇಖನ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿರಿ.

ಲಾಕೌಟ್ ಎಂದರೇನು?

ಮುಷ್ಕರ ಬೇರೆ, ಲಾಕೌಟ್ ಬೇರೆ. ಕೆಲಸಗಾರರು "ನಮ್ಮ ಬೇಡಿಕೆ ಈಡೇರುವ ತನಕ ಕೆಲಸ ಮಾಡಲ್ಲ" ಎಂದು ಹೊರಗೆ ಬಂದರೆ ಅದು ಮುಷ್ಕರ. ಮಾಲೀಕರು "ನಮ್ಮ ಷರತ್ತು ಒಪ್ಪುವ ತನಕ ಒಳಗೆ ಬರಬೇಡಿ" ಎಂದು ಗೇಟಿಗೆ ಬೀಗ ಹಾಕಿದರೆ ಅದು ಲಾಕೌಟ್. ನಮ್ಮ ರಾಜ್ಯದ ಬಿಡದಿಯ ಒಂದು ದೊಡ್ಡ ಕಾರು ಕಾರ್ಖಾನೆಯಲ್ಲಿ 2020ರ ನವೆಂಬರಿನಲ್ಲಿ ಲಾಕೌಟ್ ಘೋಷಣೆಯಾದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಎರಡರಲ್ಲೂ ಕೆಲಸ ನಿಲ್ಲುತ್ತದೆ. ಆದರೆ ನಿಲ್ಲಿಸಿದವರು ಬೇರೆ ಬೇರೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಮೆರಿಕ, ಕೆನಡಾ ದೇಶಗಳಲ್ಲಿ ಐಸ್ ಹಾಕಿ, ಬೇಸ್‌ಬಾಲ್, ಬಾಸ್ಕೆಟ್‌ಬಾಲ್, ಅಮೆರಿಕನ್ ಫುಟ್‌ಬಾಲ್ ಇವಕ್ಕೆಲ್ಲ ದೊಡ್ಡ ದೊಡ್ಡ ಲೀಗ್‌ಗಳಿವೆ. ಪ್ರತಿ ತಂಡಕ್ಕೂ ಮಾಲೀಕರಿದ್ದಾರೆ. ಆಟಗಾರರಿಗೆ ಕಾರ್ಮಿಕ ಸಂಘವಿದೆ. ಸಂಬಳ, ರಜೆ, ತಂಡ ಬದಲಿಸುವುದು ಎಲ್ಲದಕ್ಕೂ ಇಬ್ಬರೂ ಸೇರಿ ಕೆಲವು ವರ್ಷಗಳಿಗೆ ಒಂದು ಒಪ್ಪಂದ ಮಾಡಿಕೊಳ್ಳುತ್ತಾರೆ. ಆ ಒಪ್ಪಂದದ ಅವಧಿ ಮುಗಿದಾಗ ಹೊಸದಕ್ಕೆ ಜಗಳ ಶುರುವಾಗುತ್ತದೆ. ಹೊಂದಾಣಿಕೆ ಆಗದಿದ್ದರೆ ಮಾಲೀಕರು ಬೀಗ ಹಾಕಬಹುದು, ಇಲ್ಲವೇ ಆಟಗಾರರು ಮುಷ್ಕರ ಹೂಡಬಹುದು.

ಇಡೀ ವರ್ಷ ನಿಂತ ಆಟ

ಐಸ್ ಹಾಕಿ ನಮ್ಮ ಕೊಡಗಿನವರು ಆಡುವ ಹಾಕಿಯಂತೆ ಅಲ್ಲ. ಮಂಜುಗಡ್ಡೆಯ ನೆಲದ ಮೇಲೆ, ಬೂಟಿನ ಕೆಳಗೆ ಉಕ್ಕಿನ ಪಟ್ಟಿ ಕಟ್ಟಿಕೊಂಡು ಜಾರುತ್ತಾ ಆಡುತ್ತಾರೆ. ಚೆಂಡಿನ ಬದಲು ರಬ್ಬರಿನ ಬಿಲ್ಲೆ. ಒಂದು ಕಡೆಗೆ ಗೋಲಿಯೂ ಸೇರಿ 6 ಜನ. ಕೆನಡಾದವರಿಗೆ ಈ ಆಟ ಅಂದರೆ ಪ್ರಾಣ, ನಮಗೆ ಕ್ರಿಕೆಟ್ ಇದ್ದ ಹಾಗೆ.

ಈ ಆಟದ ದೊಡ್ಡ ಲೀಗಿನ ಹೆಸರು ಎನ್.ಎಚ್.ಎಲ್. ಆಗ ಅದರಲ್ಲಿ 30 ತಂಡಗಳಿದ್ದವು. 2004ರ ಸೆಪ್ಟೆಂಬರ್ 16ರಂದು ಮಾಲೀಕರು ಲಾಕೌಟ್ ಶುರು ಮಾಡಿದರು. "ಬಂದ ಹಣದಲ್ಲಿ ಮುಕ್ಕಾಲು ಪಾಲು ಆಟಗಾರರ ಸಂಬಳಕ್ಕೇ ಹೋಗುತ್ತಿದೆ, ನಾವು ನಷ್ಟದಲ್ಲಿದ್ದೇವೆ, ಸಂಬಳಕ್ಕೆ ಮಿತಿ ಬೇಕು" ಎಂಬುದು ಅವರ ವಾದ. ಮಿತಿ ಎಂದರೆ ಒಂದು ತಂಡ ತನ್ನ ಎಲ್ಲ ಆಟಗಾರರಿಗೂ ಸೇರಿ ವರ್ಷಕ್ಕೆ ಇಷ್ಟಕ್ಕಿಂತ ಹೆಚ್ಚು ಕೊಡಬಾರದು ಎಂಬ ಕಟ್ಟುಪಾಡು. ನಮ್ಮ ಐಪಿಎಲ್ ಹರಾಜು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. 2025ರ ಐಪಿಎಲ್‌ಗೆ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿ ಎಂದು ಗೊತ್ತು ಮಾಡಿರಲಿಲ್ಲವೇ, ಹಾಗೆ. ಆದರೆ ಆಟಗಾರರ ಸಂಘ ಮಾಲೀಕರ ಲೆಕ್ಕವನ್ನು ನಂಬಲಿಲ್ಲ, ಮಿತಿಯನ್ನೂ ಒಪ್ಪಲಿಲ್ಲ.

ತಿಂಗಳುಗಟ್ಟಲೆ ಮಾತುಕತೆ ನಡೆಯಿತು. 380ಕ್ಕೂ ಹೆಚ್ಚು ಆಟಗಾರರು ಯುರೋಪಿಗೆ ಹೋಗಿ ಅಲ್ಲಿನ ತಂಡಗಳಿಗೆ ಆಡಿದರು. 2005ರ ಫೆಬ್ರವರಿಯ ಕೊನೆಯ ಮಾತುಕತೆಯಲ್ಲಿ ಮಾಲೀಕರು ತಂಡಕ್ಕೆ 4 ಕೋಟಿ 25 ಲಕ್ಷ ಡಾಲರ್ ಮಿತಿ ಅಂದರು, ಆಟಗಾರರು 4 ಕೋಟಿ 90 ಲಕ್ಷ ಅಂದರು. ಅಷ್ಟು ಹತ್ತಿರ ಬಂದೂ ಮುರಿದುಬಿತ್ತು! ಫೆಬ್ರವರಿ 16ರಂದು ಲೀಗಿನ ಮುಖ್ಯಸ್ಥ ಗ್ಯಾರಿ ಬೆಟ್ಮನ್ ಇಡೀ ವರ್ಷದ ಆಟವನ್ನೇ ರದ್ದು ಮಾಡಿದರು. 1,230 ಪಂದ್ಯಗಳು ಹೋದವು. ಗೆದ್ದವರಿಗೆ ಕೊಡುವ ಸ್ಟ್ಯಾನ್ಲಿ ಕಪ್ ಆ ವರ್ಷ ಯಾರಿಗೂ ಸಿಗಲಿಲ್ಲ. ಹಾಗೆ ಆಗಿದ್ದು ಅದಕ್ಕೆ ಮುಂಚೆ 1919ರಲ್ಲಿ, ದೊಡ್ಡ ಜ್ವರದ ಪಿಡುಗು ಬಂದಿದ್ದಾಗ. ಪಿಡುಗಿನ ಕೆಲಸವನ್ನು ಈ ಸಲ ಜಗಳ ಮಾಡಿತು.

ಕೊನೆಗೆ 2005ರ ಜುಲೈಯಲ್ಲಿ, 310 ದಿನ ಆದಮೇಲೆ ರಾಜಿಯಾಯಿತು. ಮಿತಿ ಎಷ್ಟು ಗೊತ್ತಾ? 3 ಕೋಟಿ 90 ಲಕ್ಷ ಡಾಲರ್. ಆಟಗಾರರು ಫೆಬ್ರವರಿಯಲ್ಲಿ ಬೇಡ ಅಂದಿದ್ದಕ್ಕಿಂತಲೂ ಕಡಿಮೆ. ಜೊತೆಗೆ ಇದ್ದ ಸಂಬಳದಲ್ಲೂ ಶೇಕಡಾ 24 ಕಡಿತ.

ಕೂಸು ಬಡವಾಯ್ತು

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎಂಬ ಗಾದೆ ಎಲ್ಲರಿಗೂ ಗೊತ್ತು. ಇಲ್ಲಿ ಕೂಸು ಯಾರು? ಅಭಿಮಾನಿಗಳು ಎಂದು ನಾನು ಮೊದಲು ಬರೆದಿದ್ದೆ. ಚಿಕ್ಕಪ್ಪನಿಗೆ ಓದಿ ಹೇಳಿದೆ. ಅವರು, "ಆಟ ನೋಡೋಕಾಗ್ಲಿಲ್ಲ ಅಂದ್ರೆ ಬೇಜಾರಾಗುತ್ತೆ, ನಿಜ. ಆದ್ರೆ ಅಲ್ಲಿ ಕಡ್ಲೆಕಾಯಿ ಮಾರೋನು, ಗಾಡಿ ನಿಲ್ಸೋ ಜಾಗ ಕಾಯೋನು, ಕಸ ಗುಡಿಸೋಳು, ಅವರ ಮನೇಲಿ ಏನು ಬೇಯುತ್ತೆ ಅಂತ ಯೋಚನೆ ಮಾಡಿದ್ಯಾ ಪುಟ್ಟಿ?" ಅಂದರು.

ನಾನು ಮಾಡಿರಲಿಲ್ಲ. ಕ್ರೀಡಾಂಗಣದಲ್ಲಿ ಟಿಕೆಟ್ ಹರಿಯುವವರು, ತಿಂಡಿ ಮಾರುವವರು, ಕಾವಲು ಕಾಯುವವರಲ್ಲಿ ಬಹಳ ಜನರಿಗೆ ಪಂದ್ಯ ಇದ್ದ ದಿನ ಮಾತ್ರ ಕೂಲಿ. ಪಂದ್ಯ ಇಲ್ಲ ಅಂದರೆ ಇಲ್ಲ. ಕ್ರೀಡಾಂಗಣದ ಸುತ್ತಲಿನ ಹೋಟೆಲುಗಳಿಗೂ ಗಿರಾಕಿ ಇಲ್ಲ. ಮಾಲೀಕರು ಸಾಹುಕಾರರು, ದೊಡ್ಡ ಆಟಗಾರರು ಯುರೋಪಿಗೆ ಹೋದರು. ಇವರು ಎಲ್ಲಿಗೆ ಹೋಗಬೇಕು? ಒಪ್ಪಂದದ ಮೇಜಿನ ಮುಂದೆ ಇವರಿಗೆ ಕುರ್ಚಿಯೇ ಇರುವುದಿಲ್ಲ.

ಚಿಕ್ಕಪ್ಪನ ಕಾರ್ಖಾನೆ ಗೇಟಿನ ಎದುರಿಗೆ ಒಂದು ಟೀ ಅಂಗಡಿ ಇತ್ತಂತೆ. ಅವನಿಗೂ ಮಾಲೀಕರಿಗೂ ಜಗಳವಿಲ್ಲ, ಕಾರ್ಮಿಕರಿಗೂ ಅವನಿಗೂ ಜಗಳವಿಲ್ಲ. ಆದರೂ ಮೊದಲು ಮುಚ್ಚಿದ್ದು ಅವನ ಅಂಗಡಿ.

ಈಗ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಚಿಕ್ಕಪ್ಪ ನನಗೆ ಶಟಲ್ ಬ್ಯಾಟು ತಂದುಕೊಡುತ್ತೇನೆ ಎಂದು ಮಾತು ಕೊಟ್ಟಿದ್ದರು. ಅವರು ಕೆಲಸವಿಲ್ಲದೆ ಊರಿಗೆ ಬಂದ ದಿನ ನಾನು ಕೇಳಿದ ಮೊದಲ ಮಾತು "ನನ್ನ ಬ್ಯಾಟು ಎಲ್ಲಿ?" ಎಂದು. ಇಲ್ಲ ಅಂದದ್ದಕ್ಕೆ ಎರಡು ದಿನ ಮಾತು ಬಿಟ್ಟೆ. ಅಮ್ಮ ಬೈದರು, ಚಿಕ್ಕಪ್ಪ ಬೈಯಲಿಲ್ಲ. ಈ ಲೇಖನಕ್ಕೆ ಓದುವಾಗ ನನಗೆ ಅನ್ನಿಸಿತು, ಲಾಕೌಟ್ ಆದಾಗ "ನಮ್ಮ ಮ್ಯಾಚ್ ಯಾವಾಗ?" ಎಂದು ಮಾತ್ರ ಕೇಳುವ ಅಭಿಮಾನಿಯೂ ನನ್ನ ಹಾಗೇ.

ಸಿಟ್ಟು ಬಂದಾಗ ಏನು ಮಾಡಿದರು?

ಬೇಸ್‌ಬಾಲ್ ಕಥೆ ಕೇಳಿ. ಅಲ್ಲಿಯೂ ಮಾಲೀಕರು ಸಂಬಳಕ್ಕೆ ಮಿತಿ ತರಲು ಹೊರಟಿದ್ದರು. ಅದನ್ನು ತಡೆಯಲು ಆಟಗಾರರು 1994ರ ಆಗಸ್ಟ್ 12ರಂದು ಮುಷ್ಕರ ಹೂಡಿದರು. 232 ದಿನ ಆಟವಿಲ್ಲ. ವರ್ಲ್ಡ್ ಸೀರೀಸ್ ಎಂಬ ಅವರ ದೊಡ್ಡ ಫೈನಲ್ ಪಂದ್ಯಗಳು 1904ರ ನಂತರ ಮೊದಲ ಸಲ ನಡೆಯಲಿಲ್ಲ. 1995ರ ಏಪ್ರಿಲ್‌ನಲ್ಲಿ ಆಟ ಮತ್ತೆ ಶುರುವಾದಾಗ ಅಭಿಮಾನಿಗಳ ಸಿಟ್ಟು ನೋಡಬೇಕಿತ್ತು! ನ್ಯೂಯಾರ್ಕಿನಲ್ಲಿ ಮೂವರು "ದುರಾಸೆ" ಎಂದು ಬರೆದ ಅಂಗಿ ತೊಟ್ಟು ಮೈದಾನಕ್ಕೆ ನುಗ್ಗಿ, ಆಟಗಾರರ ಕಡೆಗೆ ಒಂದೊಂದು ಡಾಲರಿನ ನೋಟುಗಳನ್ನು ತೂರಿದರು. ಸಿನ್ಸಿನಾಟಿ ಊರಿನಲ್ಲಿ "ಮಾಲೀಕರೂ ಆಟಗಾರರೂ ಎಲ್ಲರೂ ಹಾಳಾಗಿ ಹೋಗಿ" ಎಂಬ ಅರ್ಥದ ಬ್ಯಾನರನ್ನು ವಿಮಾನದ ಬಾಲಕ್ಕೆ ಕಟ್ಟಿ ಮೈದಾನದ ಮೇಲೆ ಹಾರಿಸಿದರು.

ಇದು ನೋಡಲು ತಮಾಷೆ. ಆದರೆ ಮಾಲೀಕರಿಗೆ ನಿಜವಾಗಿ ನೋವಾಗಿದ್ದು ಬೇರೆಯದರಿಂದ. ಬಹಳ ಜನ ಸುಮ್ಮನೆ ಮನೆಯಲ್ಲೇ ಉಳಿದರು. ಒಂದು ಪಂದ್ಯಕ್ಕೆ ಸರಾಸರಿ 31,000 ಜನ ಬರುತ್ತಿದ್ದುದು 25,000ಕ್ಕೆ ಇಳಿಯಿತು, ಅಂದರೆ ಐದರಲ್ಲಿ ಒಬ್ಬರು ಬರಲಿಲ್ಲ. ಅವರನ್ನು ಮತ್ತೆ ಕರೆತರಲು ವರ್ಷಗಳೇ ಬೇಕಾದವು. ಬಾಲ್ಟಿಮೋರ್ ತಂಡದ ಕಾಲ್ ರಿಪ್ಕನ್ ಎಂಬ ಆಟಗಾರ 1982ರಿಂದ ಒಂದು ಪಂದ್ಯವನ್ನೂ ಬಿಡದೆ ಆಡಿ, 1995ರ ಸೆಪ್ಟೆಂಬರ್ 6ರಂದು ಸತತ 2,131ನೇ ಪಂದ್ಯ ಆಡಿ ದಾಖಲೆ ಮಾಡಿದರು. ಆ ದಿನ ಪಂದ್ಯ ನಿಲ್ಲಿಸಿ ಜನ 20 ನಿಮಿಷಕ್ಕೂ ಹೆಚ್ಚು ಹೊತ್ತು ಚಪ್ಪಾಳೆ ಹೊಡೆದರು. ಅವರು ಮೈದಾನದ ಸುತ್ತ ಹೋಗಿ ಜನರ ಕೈ ಕುಲುಕಿದರು. ಮನಸ್ಸು ಮುರಿದಿದ್ದ ಅಭಿಮಾನಿಗಳಿಗೆ ಬೇಕಾಗಿದ್ದು ಇಂಥ ಒಬ್ಬ ಕೆಲಸಗಾರ ಎಂದು ನನಗೆ ಅನಿಸುತ್ತದೆ.

ಇನ್ನು ಹಾಕಿಯ ಕಥೆ. ಒಂದು ವರ್ಷ ಬೀಗ ಹಾಕಿದ ಮೇಲೆ ಜನ ಬರುವುದಿಲ್ಲ ಎಂದು ಎಲ್ಲರೂ ಹೆದರಿದ್ದರು. ಮೈದಾನದ ಮಂಜುಗಡ್ಡೆಯ ಮೇಲೆ "ಅಭಿಮಾನಿಗಳಿಗೆ ಧನ್ಯವಾದ" ಎಂದು ಇಂಗ್ಲಿಷಿನಲ್ಲಿ ಬರೆಸಿದರು. ಆದರೆ 2005-06ರಲ್ಲಿ 2 ಕೋಟಿ 8 ಲಕ್ಷಕ್ಕೂ ಹೆಚ್ಚು ಜನ ಬಂದು ಹೊಸ ದಾಖಲೆಯೇ ಆಯಿತು! ಆಮೇಲೆ ಏನಾಯಿತು? 2012ರ ಸೆಪ್ಟೆಂಬರಿನಲ್ಲಿ ಅದೇ ಲೀಗು ಮತ್ತೆ ಬೀಗ ಹಾಕಿತು. ಈ ಸಲ 2013ರ ಜನವರಿಯಲ್ಲಿ ರಾಜಿಯಾಗುವ ಹೊತ್ತಿಗೆ 510 ಪಂದ್ಯಗಳು ಹೋಗಿದ್ದವು. ಮತ್ತೆ ಮಂಜುಗಡ್ಡೆ ಮೇಲೆ ಧನ್ಯವಾದ, ಮತ್ತೆ ಮೈದಾನ ಭರ್ತಿ. 1994-95ರದ್ದೂ ಸೇರಿದರೆ ಬೆಟ್ಮನ್ ಕಾಲದಲ್ಲಿ ಮೂರು ಲಾಕೌಟ್. ಅವರು ಕಪ್ ಕೊಡಲು ಬಂದಾಗಲೆಲ್ಲ ಜನ "ಬೂ" ಎಂದು ಕೂಗುವುದು ಅಲ್ಲಿ ರೂಢಿಯೇ ಆಗಿಹೋಯಿತು. ಆದರೆ ಹಾಗೆ ಕೂಗಿದವರೆಲ್ಲ ಟಿಕೆಟ್ ಕೊಂಡು ಒಳಗೆ ಕೂತವರೇ!

ಬೇಸ್‌ಬಾಲ್‌ನಲ್ಲಿ 1995ರ ನಂತರ ಆಟಗಾರರು 2002ರ ಆಗಸ್ಟ್ 30ಕ್ಕೆ ಮುಷ್ಕರದ ದಿನ ಗೊತ್ತು ಮಾಡಿದ್ದರು, ಅದೇ ದಿನ ರಾಜಿಯಾಯಿತು. 2021ರ ಡಿಸೆಂಬರಿನ ತನಕ ಅಲ್ಲಿ ಬೀಗವೂ ಇಲ್ಲ, ಮುಷ್ಕರವೂ ಇಲ್ಲ. ಆಗ ಆದ 99 ದಿನದ ಲಾಕೌಟಿನಲ್ಲೂ ಪಂದ್ಯಗಳು ತಡವಾದವೇ ಹೊರತು ಕಡಿಮೆಯಾಗಲಿಲ್ಲ. ಜನ ದೂರ ಉಳಿದಿದ್ದೊಂದೇ ಇದಕ್ಕೆ ಕಾರಣ ಎಂದು ಹೇಳಲಾಗದು. ಆದರೆ ಒಮ್ಮೆ ಖಾಲಿ ಕುರ್ಚಿ ನೋಡಿದವರಿಗೆ ಆ ಭಯ ಇರುತ್ತದೆ ಎಂದು ನನಗೆ ತೋರುತ್ತದೆ.

ದೂರ ಉಳಿಯುವುದಕ್ಕೂ ಬೆಲೆ ಇದೆ

ಹಾಗಾದರೆ ಎಲ್ಲ ಅಭಿಮಾನಿಗಳೂ ಮನೆಯಲ್ಲೇ ಕೂತುಬಿಟ್ಟರೆ ಸರಿಹೋಗುತ್ತದಾ? ಅಷ್ಟು ಸುಲಭವಿಲ್ಲ. ಕೆನಡಾದ ಮಾಂಟ್ರಿಯಲ್ ನಗರಕ್ಕೆ ಎಕ್ಸ್‌ಪೋಸ್ ಎಂಬ ಬೇಸ್‌ಬಾಲ್ ತಂಡವಿತ್ತು. 1994ರಲ್ಲಿ ಮುಷ್ಕರ ಶುರುವಾದ ದಿನ ಅವರು 74 ಗೆದ್ದು 40 ಸೋತು, ಎಲ್ಲ ತಂಡಗಳಿಗಿಂತ ಮುಂದಿದ್ದರು. ಆ ವರ್ಷ ಕಪ್ಪು ನಮ್ಮದೇ ಎಂದು ಊರಿನವರು ಕಾದಿದ್ದರು. ಆಟವೇ ನಿಂತುಹೋಯಿತು. ಮರುವರ್ಷ ಹಣ ಉಳಿಸಲು ಮಾಲೀಕರು ಒಳ್ಳೊಳ್ಳೆ ಆಟಗಾರರನ್ನು ಬಿಟ್ಟುಕೊಟ್ಟರು. ಜನ ಬೇಸತ್ತು ಬರುವುದು ಬಿಟ್ಟರು. ಕೊನೆಕೊನೆಗೆ ಕ್ರೀಡಾಂಗಣದಲ್ಲಿ ಮುಕ್ಕಾಲು ಪಾಲು ಕುರ್ಚಿ ಖಾಲಿ. 2004ರ ಆಟ ಮುಗಿದ ಮೇಲೆ ಆ ತಂಡವನ್ನು ಅಮೆರಿಕದ ವಾಷಿಂಗ್ಟನ್ನಿಗೆ ಸಾಗಿಸಿಬಿಟ್ಟರು. ಜಗಳ ಮುಗಿದಿದ್ದು 232 ದಿನಕ್ಕೆ, ಆದರೆ ಮಾಂಟ್ರಿಯಲ್ಲಿನ ಮಕ್ಕಳಿಗೆ ಊರಿನ ತಂಡವೇ ಇಲ್ಲವಾಯಿತು.

ಚಿಕ್ಕಪ್ಪನ ಕಾರ್ಖಾನೆಯೂ ಎರಡು ತಿಂಗಳಿಗೆ ತೆರೆಯಿತು. ಆದರೆ ಆ ಟೀ ಅಂಗಡಿ ಮತ್ತೆ ತೆರೆಯಲಿಲ್ಲವಂತೆ.

ಜನರ ಮಾತು ಬೇಗ ಕೇಳಿಸಿದ ಉದಾಹರಣೆಯೂ ಒಂದಿದೆ. 2012ರಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗಿನವರು ಆಟಗಾರರಿಗಲ್ಲ, ರೆಫರಿಗಳಿಗೇ ಲಾಕೌಟ್ ಮಾಡಿ, ಅನುಭವವಿಲ್ಲದ ಬದಲಿ ರೆಫರಿಗಳನ್ನು ತಂದರು. ಸೆಪ್ಟೆಂಬರ್ 24ರಂದು ಸಿಯಾಟಲ್‌ನಲ್ಲಿ ಪಂದ್ಯದ ಕೊನೆಯ ಎಸೆತದಲ್ಲಿ ಚೆಂಡು ಹಿಡಿದದ್ದು ಯಾರು ಎಂದು ಇಬ್ಬರು ರೆಫರಿಗಳು ಎರಡು ಥರ ಕೈ ತೋರಿಸಿದರು! ಗೆಲುವು ಸಿಯಾಟಲ್‌ಗೆ ಹೋಯಿತು. ದೇಶವೆಲ್ಲ ಗದ್ದಲ. ಎರಡೇ ದಿನದಲ್ಲಿ ಒಪ್ಪಂದವಾಯಿತು. ಮಾರನೆಯ ದಿನ ಹಳೆಯ ರೆಫರಿಗಳು ಮೈದಾನಕ್ಕೆ ಬಂದಾಗ ಜನ ಎದ್ದುನಿಂತು ಚಪ್ಪಾಳೆ ಹೊಡೆದರು. ರೆಫರಿಗೆ ಚಪ್ಪಾಳೆ! ನಮ್ಮ ಕಬಡ್ಡಿ ಮ್ಯಾಚಿನಲ್ಲಿ ಯಾವತ್ತಾದರೂ ಕೇಳಿದ್ದೀರಾ?

ತಪ್ಪು ಯಾರದು?

"ಇಬ್ಬರೂ ದುರಾಸೆಯವರು" ಎಂದು ಹೇಳುವುದು ಸುಲಭ. ಆದರೆ ಚಿಕ್ಕಪ್ಪ ಹೇಳಿದ್ದು ಕೇಳಿ: "ನಾವು ಊರಿಗೆ ಬಂದಾಗ ಜನ ಏನಂದ್ರು ಗೊತ್ತಾ? ಸ್ಟ್ರೈಕ್ ಮಾಡ್ಕೊಂಡು ಬಂದವ್ನೆ, ಸೋಮಾರಿ ಅಂದ್ರು. ಸ್ಟ್ರೈಕ್ ಅಲ್ಲ, ಬೀಗ ಹಾಕಿದ್ದು ಅವರು ಅಂದ್ರೂ ಯಾರೂ ಕೇಳಲಿಲ್ಲ." ಆದ್ದರಿಂದ ಮೊದಲು ಬೀಗ ಯಾರು ಹಾಕಿದರು, ಯಾಕೆ ಹಾಕಿದರು ಎಂದು ತಿಳಿಯಬೇಕು. ಬೀಗ ಹಾಕಿದವರೆಲ್ಲ ಕೆಟ್ಟವರು, ಹೊರಗೆ ನಿಂತವರೆಲ್ಲ ಒಳ್ಳೆಯವರು ಎಂದಲ್ಲ. ಆದರೆ ತಿಳಿಯದೆ ಬೈಯಬಾರದು.

ಇನ್ನೊಂದು ವಿಷಯ. ಅವರು ಜಗಳವಾಡುವ ಹಣ ಎಲ್ಲಿಂದ ಬಂತು? ಟಿಕೆಟ್ ಕೊಂಡವರಿಂದ, ಟಿ.ವಿ. ನೋಡುವವರಿಂದ, ತಂಡದ ಅಂಗಿ ಕೊಂಡವರಿಂದ, ಆಟದ ಮಧ್ಯೆ ಬರುವ ಜಾಹೀರಾತಿನ ಸಾಮಾನು ಕೊಂಡವರಿಂದ. ಒಂದು ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ. ಅಭಿಮಾನಿ ಇಲ್ಲದೆ ಲೀಗ್ ಇಲ್ಲ. ಹಾಗಾಗಿ ಅಭಿಮಾನಿಗೆ ಜವಾಬ್ದಾರಿಯೂ ಉಂಟು.

ಇದು ದೂರದ ದೇಶದ ಮಾತು ಮಾತ್ರವಲ್ಲ. 2025ರ ಜುಲೈಯಲ್ಲಿ ನಮ್ಮ ದೇಶದ ಐಎಸ್ಎಲ್ ಫುಟ್‌ಬಾಲ್ ಲೀಗನ್ನು ನಡೆಸುವವರು 2025-26ರ ಆಟವನ್ನು ತಡೆಹಿಡಿದರು. ಫುಟ್‌ಬಾಲ್ ಒಕ್ಕೂಟಕ್ಕೂ ಅವರಿಗೂ ಇದ್ದ ಒಪ್ಪಂದ ಆ ಡಿಸೆಂಬರಿಗೆ ಮುಗಿಯುತ್ತಿತ್ತು, ಹೊಸದು ಆಗಿರಲಿಲ್ಲ. ಇದು ಲಾಕೌಟ್ ಅಲ್ಲ, ಆದರೆ ಫಲ ಅದೇ. ಆಗಸ್ಟಿನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ತಂಡ ತನ್ನ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯುವುದಾಗಿ ಹೇಳಿತು. ಎಂದಿನಂತೆ ಸೆಪ್ಟೆಂಬರಿನಲ್ಲಿ ಆಟ ಶುರುವಾಗಲಿಲ್ಲ. ನಮ್ಮ ತರಗತಿಯಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತು? ನನಗಂತೂ ಗೊತ್ತಿರಲಿಲ್ಲ.

ಅಭಿಮಾನಿಯ ಕರ್ತವ್ಯಗಳು (ನನಗೆ ತೋಚಿದ್ದು)

1. ಬೀಗ ಹಾಕಿದವರು ಯಾರು, ಜಗಳ ಯಾವುದಕ್ಕೆ ಎಂದು ತಿಳಿದ ಮೇಲೆ ಮಾತಾಡಬೇಕು.

2. ಮೈದಾನಕ್ಕೆ ನುಗ್ಗುವುದು, ವಸ್ತು ಎಸೆಯುವುದು, ಆಟಗಾರರ ಮನೆಯವರನ್ನು ಬೈಯುವುದು ಮಾಡಬಾರದು.

3. ಸಿಟ್ಟಿದ್ದರೆ ಒಗ್ಗಟ್ಟಾಗಿ, ಎಷ್ಟು ದಿನ ದೂರ ಇರುತ್ತೇವೆ, ಯಾಕೆ ಎಂದು ಹೇಳಿ ದೂರ ಇರಬೇಕು. ಹೇಳದೆ ಬಿಟ್ಟುಹೋದರೆ ತಂಡವೇ ಸಾಯಬಹುದು.

4. ದಿನಗೂಲಿಯವರನ್ನು ಮರೆಯಬಾರದು. ಆಟ ಶುರುವಾದ ದಿನ ಮೊದಲು ಅವರ ಹತ್ತಿರ ಕಡ್ಲೆಕಾಯಿ ಕೊಳ್ಳಬೇಕು.

5. ದೊಡ್ಡ ಲೀಗ್ ನಿಂತಾಗ ಊರಿನ ಆಟ ನೋಡಬೇಕು. ನಮ್ಮ ಶಾಲೆಯ ಖೋ ಖೋ ಪಂದ್ಯಕ್ಕೆ ಯಾರೂ ಬೀಗ ಹಾಕಲಾರರು, ಮಳೆ ಒಂದನ್ನು ಬಿಟ್ಟು!

ಕಳೆದ ವಾರ ಚಿಕ್ಕಪ್ಪ ಊರಿಗೆ ಬಂದಾಗ ಈ ಲೇಖನವನ್ನು ಪೂರ್ತಿ ಓದಿ ಹೇಳಿದೆ. ಬ್ಯಾಟಿನ ವಿಷಯ ಬಂದಾಗ ಅವರು ನಕ್ಕರು. "ಅದನ್ನ ಯಾಕೆ ಬರೆದೆ? ತೆಗೆದುಬಿಡು" ಅಂದರು. ನಾನು ತೆಗೆಯಲಿಲ್ಲ.

ಓದಿದವರು ನಿಮ್ಮ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು ಕೆಳಗಿನ ಪೆಟ್ಟಿಗೆಯಲ್ಲಿ ಹಾಕಿ. ನೀವು ಹಾಕಿ ಅಭಿಮಾನಿಯಾಗಿದ್ದರೆ 2005ರಲ್ಲಿ ಮೈದಾನಕ್ಕೆ ಹೋಗುತ್ತಿದ್ದಿರಾ, ಮನೆಯಲ್ಲಿ ಇರುತ್ತಿದ್ದಿರಾ? ಯಾಕೆ? ಒಳ್ಳೆಯ ಉತ್ತರಗಳನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ